ಪಾಳೇಗಾರನ ಕಾಲಿಗೆ ಮೊಟ್ಟೆಯ ಕಟ್ಟು

ಕ್ಯಾತಗಾನಚೆರ್ಲಿನ ಬಿಸಿಲಿನ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಮಿಕ್ಕ ಊರುಗಳಲ್ಲಿ ಬೀಳುವುದು ನಮ್ಮೂರಲ್ಲಿ ಖರ್ಚಾಗದೆ ಉಳಿದ ಬಿಸಿಲು, ಅಷ್ಟೇ. ಈ ಮಾತಿನಲ್ಲಿ ಸುಳ್ಳಿದ್ದರೆ ಸೋಲಾರ್ ಪಾರ್ಕಿನವರು ಇಡೀ ದೇಶವನ್ನು ಬಿಟ್ಟು ಕದಿರಯ್ಯನ ಹೊಲವನ್ನೇ ಹುಡುಕಿಕೊಂಡು ಏಕೆ ಬರುತ್ತಿದ್ದರು? ಕದಿರಯ್ಯ ಎಂದರೆ ನಾನೇ. ಹೊಲವನ್ನು ಗುತ್ತಿಗೆಗೆ ಕೊಟ್ಟ ದಿನದಿಂದ, ಎಲ್ಲಿ ಫ್ಯಾನು ತಿರುಗಿದರೂ ಅದನ್ನು ತಿರುಗಿಸುತ್ತಿರುವವನು ನಾನು ಎಂದೇ ತಿಳಿದುಕೊಂಡಿದ್ದೇನೆ. ಪಾವಗಡದ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಫ್ಯಾನಿನ ಕೆಳಗೆ ಕೂತವರಿಗೆ ಇದನ್ನು ನೆನಪಿಸಿ ಎಷ್ಟೋ ಸಲ ಬಿಟ್ಟಿ ಟೀ ಕುಡಿದಿದ್ದೇನೆ.

ಹೊಲ ಹೋದ ಮೇಲೆ ನನಗೆ ಮಾತಾಡಲು ಪುರುಸೊತ್ತು ಸಿಕ್ಕಿತು. ನನ್ನ ಹೆಂಡತಿ ಅಶ್ವತ್ಥಮ್ಮನಿಗೆ ಮಾತ್ರ ಕೈ ಖಾಲಿಯಾಯಿತು. ಕಳೆ ಕೀಳಲು ಸಾಲಿಲ್ಲ, ಕಾಯಿ ಬಿಡಿಸಲು ಕಡಲೆಗಿಡವಿಲ್ಲ. ಬೆಳಗ್ಗೆ ಎದ್ದು ಸೆರಗು ಸಿಕ್ಕಿಸಿಕೊಂಡು ಬಾಗಿಲವರೆಗೆ ಬಂದು, ಹೋಗಲು ಜಾಗವಿಲ್ಲ ಎಂದು ನೆನಪಾಗಿ ಅಲ್ಲೇ ನಿಲ್ಲುತ್ತಿದ್ದಳು. ಒಂದು ವರ್ಷ ಹಾಗೆ ನಿಂತವಳು, ಆಮೇಲೆ ತವರೂರು ವೈ.ಎನ್.ಹೊಸಕೋಟೆಗೆ ಹೋಗಿ ಎರಡು ಹೇಟೆ ಮರಿ, ಒಂದು ಹುಂಜದ ಮರಿಯನ್ನು ಬುಟ್ಟಿಯಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬಂದಳು. ಈಗ ನಮ್ಮ ಹಿತ್ತಿಲಲ್ಲಿ ಎಷ್ಟು ಕೋಳಿಗಳಿವೆಯೆಂದರೆ, ಎಲ್ಲವೂ ಒಟ್ಟಿಗೆ ರೆಕ್ಕೆ ಬಡಿದರೆ ಮೋಡ ಚದುರಿಹೋಗುತ್ತದೆ. ನಮ್ಮ ಕಡೆ ಮಳೆ ಕಡಿಮೆ ಇರುವುದಕ್ಕೆ ಅದೇ ಕಾರಣ. ಅಶ್ವತ್ಥಮ್ಮನನ್ನು ಕೇಳಿದರೆ ಏಳೆಂಟು ಎನ್ನುತ್ತಾಳೆ. ಅವಳಿಗೆ ಯಾವುದನ್ನೂ ದೊಡ್ಡದಾಗಿ ನೋಡಿ ಅಭ್ಯಾಸವಿಲ್ಲ.

ಆ ಹುಂಜದ ಮರಿಯೇ ಬೆಳೆದು ಪಾಳೇಗಾರನಾದ. ಹೆಸರಿಟ್ಟವನು ನಾನು. ಬೆಂಕಿಯ ಬಣ್ಣದ ಮೈ, ಬಾಲದಲ್ಲಿ ಹಸಿರು ಮಿಂಚುವ ಕಪ್ಪು ಗರಿ, ತಲೆಯ ಮೇಲೆ ಜುಟ್ಟೆಂದರೆ ಮಾಗಿದ ಮೆಣಸಿನಕಾಯಿಯ ಗೊಂಚಲು. ಅವನು ಬೇಲಿಯ ಮೇಲೆ ನಿಂತು ಕೂಗಿದ ಮೇಲೆಯೇ ಗಡಿಯಾಚೆಯ ಆಂಧ್ರದ ಹುಂಜಗಳು ಬಾಯಿ ತೆರೆಯುತ್ತಿದ್ದವು. ತೂಕ ಹತ್ತು ಕೇಜಿ ಎಂದರೆ ಜನ ನಂಬುವುದಿಲ್ಲ. ಆದ್ದರಿಂದ ಎಂಟು ಎನ್ನುತ್ತೇನೆ.

"ಮೂರೂ ಇಲ್ಲ," ಎನ್ನುತ್ತಾಳೆ ಅಶ್ವತ್ಥಮ್ಮ. "ಕೋಳಿ ತೂಕದ ಜೊತ್ಗೆ ನಿಮ್ಮ ಮಾತಿನ್ ತೂಕಾನೂ ಹಾಕ್ಬುಟ್ಟಿದೀರಿ."

ನಮ್ಮ ಹಿತ್ತಿಲು ಮುಗಿಯುವಲ್ಲಿ ಪಾರ್ಕಿನ ತಂತಿಬೇಲಿ. ಬೇಲಿಯಾಚೆ ಕಪ್ಪು ಗಾಜಿನ ಹಲಗೆಗಳು, ಸಾಲಿನ ಹಿಂದೆ ಸಾಲು, ಕಣ್ಣು ಸೋಲುವವರೆಗೆ. ಒಂದು ದಿನ ಪಾಳೇಗಾರ ಬೇಲಿಯಡಿ ನುಸುಳಿ ಹೋಗಿ ಒಂದು ಹಲಗೆಯ ಮುಂದೆ ನಿಂತ. ಒಳಗೆ ಇನ್ನೊಬ್ಬ ಕೆಂಪು ಹುಂಜ. ಇವನು ಕತ್ತಿನ ಗರಿ ಕೆದರಿದರೆ ಅವನೂ ಕೆದರುತ್ತಾನೆ, ಇವನು ಎಗರಿದರೆ ಅವನೂ ಎಗರುತ್ತಾನೆ. ಮಾನವಿದ್ದ ಯಾವ ಪಾಳೇಗಾರ ಸುಮ್ಮನಿರುತ್ತಾನೆ? ಪಕ್ಕದ ಹಲಗೆಗೆ ಹೋದರೆ ಅಲ್ಲೊಬ್ಬ, ಅದರಾಚೆ ಮತ್ತೊಬ್ಬ. ಸಾವಿರಾರು ಎಕರೆ ತುಂಬ ಶತ್ರುಗಳು ನಿಂತಿದ್ದಾರೆ, ತಾನು ಒಂಟಿ ಎಂದು ತಿಳಿದೂ ಅವನು ದಿನಾ ಊಟ ಮುಗಿಸಿಕೊಂಡು ಯುದ್ಧಕ್ಕೆ ಹೋಗುತ್ತಿದ್ದ. ನನಗೆ ಹೆಮ್ಮೆಯಾಗುತ್ತಿತ್ತು. ತಡೆಯಲಿಲ್ಲ.

ಶ್ರಾವಣ ಕಳೆಯುತ್ತ ಬಂದಿದ್ದ ಒಂದು ಮಧ್ಯಾಹ್ನ ಪಾರ್ಕಿನ ಕಾವಲುಗಾರ ರೇವಂತ್ ಅವನನ್ನು ಟವೆಲಿನಲ್ಲಿ ಸುತ್ತಿಕೊಂಡು ಬಂದ. ರೇವಂತ್ ಗಡಿಯಾಚೆಯವನು, ಅವನ ಬಾಯಲ್ಲಿ ಎರಡು ಭಾಷೆ ಒಂದೇ ಬಂಡಿಗೆ ಕಟ್ಟಿದ ಎತ್ತುಗಳಂತೆ ಓಡುತ್ತವೆ.

"ಅಣ್ಣಾ, ಎಗರಿ ಒದಿಯಕ್ಕೆ ಹೋಗಿ ಕಾಲು ಕಂಬಿ ಸಂದೀಲಿ ಸಿಕ್ಕಾಕ್ಕೊಂಡೈತೆ. ತಲೆಕೆಳಗಾಗಿ ನೇತಾಡ್ತಿದ್ದ. ಎಮುಕ ವಿರಿಗಿಂದಿ, ನೋಡ್ರಿ."

ನೋಡಿದೆ. ಮಂಡಿಯ ಕೆಳಗೆ ಮೂಳೆ ಮುರಿದು, ಪಾದ ಬೇರೆಯವರದೆಂಬಂತೆ ಜೋಲುತ್ತಿತ್ತು. ಅಶ್ವತ್ಥಮ್ಮ ಟವೆಲಿನ ಸಮೇತ ಅವನನ್ನು ಎದೆಗೆ ಒತ್ತಿಕೊಂಡು ಕಟ್ಟೆಯ ಮೇಲೆ ಕೂತಳು. ಪಾಳೇಗಾರ ಕಣ್ಣಿನ ಪೊರೆಯನ್ನು ನಿಧಾನವಾಗಿ ಮುಚ್ಚಿ ತೆರೆಯುತ್ತಿದ್ದ.

ಪಕ್ಕದ ಮನೆಯ ಗೋಡೆಯ ಮೇಲೆ ನನ್ನ ಅಣ್ಣ ಸಂಜೀವಯ್ಯನ ತಲೆ ಕಾಣಿಸಿತು. ನಮ್ಮ ಮನೆಯಲ್ಲಿ ಹಿರಿಯರ ಕೆಲಸಕ್ಕೆಲ್ಲ ಅವನೇ ಯಜಮಾನ. ಮಹಾಲಯ ಅಮಾವಾಸ್ಯೆಯಲ್ಲಿ ತೀರಿಹೋದವರಿಗೆ ಎಡೆ ಇಡುವಾಗ ಏನು ಬೇಯಬೇಕು, ಯಾವುದನ್ನು ಕೊಯ್ಯಬೇಕು ಎಲ್ಲ ಅವನ ಬಾಯಿಂದಲೇ ಬರಬೇಕು.

"ಬುಡು, ಒಳ್ಳೇದೇ ಆಯ್ತು," ಎಂದ. "ಕುಂಟು ಹುಂಜ ಹೇಟೆ ಮ್ಯಾಲೆ ನಿಲ್ಲಕ್ಕಾಗಲ್ಲ. ಮರಿ ಹೆಂಗಾಯ್ತವೆ? ಅಮಾಸೆಗೆ ಅಪ್ಪನ ಎಡೆಗೆ ಇಟ್ಬುಡಾಣ. ಅಪ್ಪಂಗೂ ನಾಟಿ ಹುಂಜ ಅಂದ್ರೆ ಜೀವ."

ಅಶ್ವತ್ಥಮ್ಮ ತಲೆಯೆತ್ತಲಿಲ್ಲ. "ಅದೊಂದೇ ಹುಂಜ ಇರೋದು ಭಾವ. ಇವ್ನು ಹೋದ್ರೆ ಹೊಸಕೋಟೆ ತಳಿ ಇಲ್ಗೇ ಮುಗೀತು."

"ಬ್ಯಾರೆ ಹುಂಜ ತಂದ್ರಾಯ್ತು."

"ಬ್ಯಾರೆ ಹುಂಜ ಬ್ಯಾರೇದೇ ಅಲ್ವಾ."

ಅವಳು ಅಷ್ಟು ಮೆತ್ತಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಅಂಥ ಹೊತ್ತಿನಲ್ಲಿ ನನ್ನ ನಾಲಿಗೆ ನನ್ನನ್ನು ಕೇಳದೆ ಓಡುತ್ತದೆ. "ಅಮಾಸೆ ಹೊತ್ಗೆ ಇವನನ್ನ ನಡಸ್ತೀನಿ," ಎಂದುಬಿಟ್ಟೆ. "ನಡಸೋದೇನು, ಕುಣಿಸ್ತೀನಿ. ನಮ್ ತಾತ ಪಾವಗಡದ ಕೋಟೆ ಆನೆಗೆ ಮೂಳೆ ಕಟ್ದೋನು. ಆ ಕೈಗುಣ ಎಲ್ಲಿಗೋಯ್ತದೆ?"

"ಲೇ ಕದಿರಾ, ತಾತ ಕಟ್ತಿದ್ದುದು ತೂತು ಕೊಡಕ್ಕೆ ಅಂಟು ಕಣ್ಲಾ," ಎಂದ ಅಣ್ಣ. ಆದರೂ ಅಶ್ವತ್ಥಮ್ಮನ ಮುಖ ನೋಡಿ ಸ್ವಲ್ಪ ಮೆತ್ತಗಾದ. "ಆಯ್ತು. ಅಮಾಸೆ ದಿನ ನನ್ ಕಣ್ಮುಂದೆ ಎರಡೂ ಕಾಲ್ನಾಗೆ ನಡುದ್ರೆ ಅವ್ನ ಪಾಡಿಗೆ ಅವ್ನು. ಇಲ್ಲಾಂದ್ರೆ ಸಂಜೆ ಎಡೆಗೆ ಅವ್ನೇ. ಆಮ್ಯಾಕೆ ನನ್ ತಾವ ಅಳಬ್ಯಾಡ ಕಣಮ್ಮ."

ನಮ್ಮ ಸೀಮೆಯ ಮೂಳೆಕಟ್ಟು ಗೊತ್ತಲ್ಲ: ಮೊಟ್ಟೆಯ ಬಿಳಿಗೆ ಉದ್ದಿನ ಹಿಟ್ಟು ಕಲಸಿ, ಬಟ್ಟೆಗೆ ಬಳಿದು, ಬಿದಿರು ಕಡ್ಡಿ ಇಟ್ಟು ಸುತ್ತಿದರೆ, ಒಣಗಿದ ಮೇಲೆ ಸುತ್ತಿಗೆಯಿಂದ ಹೊಡೆದರೂ ಒಡೆಯುವುದಿಲ್ಲ. ಮನುಷ್ಯರಿಗೆ ಅದನ್ನೇ ಹಾಕುತ್ತಾರೆ. ಬಿಳಿ ತೆಗೆದ ಮೇಲೆ ಹಳದಿಯನ್ನು ಎಸೆಯಲು ಮನಸ್ಸಾಗದೆ ಅದನ್ನೂ ಸೇರಿಸಿದೆ. ಔಷಧ ಹೆಚ್ಚಾದರೆ ಯಾರಿಗೂ ತೊಂದರೆಯಿಲ್ಲ. ಅಶ್ವತ್ಥಮ್ಮ ಮೂಳೆಯ ತುದಿಗಳನ್ನು ಬೆರಳಿನಿಂದ ತಡವಿ ನೇರ ಹಿಡಿದಳು, ನಾನು ಸುತ್ತಿದೆ. ಕಟ್ಟು ಎಷ್ಟು ಭದ್ರವಾಗಿತ್ತೆಂದರೆ, ಅದೇ ಕಟ್ಟನ್ನು ಪಾವಗಡದ ಬೆಟ್ಟಕ್ಕೆ ಹಾಕಿದ್ದರೆ ಬಂಡೆಯೊಂದೂ ಉರುಳುತ್ತಿರಲಿಲ್ಲ. ಅವನನ್ನು ಹಿತ್ತಿಲ ಹೊಂಗೆಮರದ ನೆರಳಿನಲ್ಲಿ, ಹುಲ್ಲಿನ ಮೇಲೆ, ತನ್ನ ಹೇಟೆಗಳ ನಡುವೆಯೇ ಮಲಗಿಸಿದೆವು. ಒಂಟಿಯಾಗಿಟ್ಟರೆ ಹುಂಜ ಮನಸ್ಸಿನಲ್ಲೇ ಸಾಯುತ್ತದೆ ಎಂದು ನಾನೇ ವಾದಿಸಿದೆ.

ಮಾರನೆಯ ದಿನ ಹಿತ್ತಿಲಿಗೆ ಹೋದವನು ಕಂಡ ದೃಶ್ಯವನ್ನು ಯಾವ ಗಂಡಸೂ ಕಂಡಿರಲಾರ. ಹೇಟೆಗಳೆಲ್ಲ ಪಾಳೇಗಾರನ ಸುತ್ತ ಕೂತು, ಬಾಗಿ ಬಾಗಿ, ಅವನ ಕಾಲಿಗೆ ಕೊಕ್ಕಿನಿಂದ ಮೆತ್ತಗೆ ಕುಟುಕುತ್ತಿವೆ. ಕಾಲು ಒತ್ತುತ್ತಿವೆ. ಅವನು ಅರೆಗಣ್ಣು ಮುಚ್ಚಿ ಒರಗಿದ್ದಾನೆ. ನಾನು ಓಡಿಹೋಗಿ ಅಶ್ವತ್ಥಮ್ಮನನ್ನು ಕರೆದು ತೋರಿಸಿದೆ.

"ನೋಡು, ಪತಿಸೇವೆ ಅಂದ್ರೆ ಇದು. ನನ್ ಕಾಲು ಉಳುಕಿದಾಗ ನೀನು ಯಾವತ್ತಾದ್ರೂ ಒತ್ತಿದ್ಯಾ?"

"ನಿಮ್ ಕಾಲು ಉಳುಕಿದ್ದು ಕುರ್ಚಿಯಿಂದ ಏಳೋವಾಗ," ಎಂದಳು.

ನಾನು ಊರೆಲ್ಲ ಹೇಳಿಕೊಂಡು ಬಂದೆ. ಹೋಟೆಲಿಗೆ ಹೋಗಿ, ನಮ್ಮನೆ ಕೋಳಿಗಳು ಸರದಿಯ ಪ್ರಕಾರ ಹಗಲಿಡೀ ಶುಶ್ರೂಷೆ ಮಾಡುತ್ತವೆ, ಆಸ್ಪತ್ರೆಯ ನರ್ಸುಗಳು ಬಂದು ನೋಡಿ ಕಲಿಯಬೇಕು ಎಂದೆ.

ಎರಡು ದಿನದಲ್ಲಿ ಕಟ್ಟು ಮಾಯವಾಗಿತ್ತು. ಬಿದಿರು ಕಡ್ಡಿ, ಹರಿದ ಬಟ್ಟೆ ಉಳಿದಿದ್ದವು. ಬಿಸಿಲಿಗೆ ಕರಗಿರಬೇಕೆಂದು ಮತ್ತೆ ಹಾಕಿದೆ, ಮೊದಲಿಗಿಂತ ದಪ್ಪ. ಅದೂ ಹೋಯಿತು. ಇದರ ನಡುವೆ ಗೂಡಿನಲ್ಲಿ ಮೊಟ್ಟೆಗಳೂ ಕಾಣೆಯಾಗತೊಡಗಿದವು. ಅಶ್ವತ್ಥಮ್ಮ ಹುಲ್ಲು ಕೆದಕಿ ನೋಡುತ್ತಾಳೆ, ಒದ್ದೆಯಾದ ಜಾಗ ಮಾತ್ರ ಇರುತ್ತದೆ.

"ಆಮ್ಲೆಟ್ ಮಾಡ್ಕೊಂಡ್ರಾ?" ಎಂದು ನನ್ನನ್ನೇ ಕೇಳಿದಳು.

ನಾನು ನಾಗರಹಾವು ಎಂದೆ. ಹಿತ್ತಿಲಲ್ಲಿ ಅದರ ಜಾಡನ್ನು ಕಂಡಿದ್ದೆ. ಲಾರಿ ಟೈರಿನ ಅಗಲವಿತ್ತು. ಅಶ್ವತ್ಥಮ್ಮ ಹೋಗಿ ನೋಡಿ, ನಾನು ನೀರಿನ ಪೈಪು ಎಳೆದ ಗುರುತು ಎಂದಳು. ಆಮೇಲೆ ನಾನು ಮುಂಗುಸಿ ಎಂದೆ.

ನಿಜ ಹೇಳಿದವನು ಶಿರಾದ ಗುಲಾಮ್ ಮೊಹಿದ್ದೀನ್. ವಾರಕ್ಕೊಮ್ಮೆ ಮೊಪೆಡ್ಡಿಗೆ ಎರಡು ಕಡೆ ಬುಟ್ಟಿ ಕಟ್ಟಿಕೊಂಡು ನಾಟಿ ಕೋಳಿ, ಮೊಟ್ಟೆ ಕೊಳ್ಳಲು ಬರುತ್ತಾನೆ. ಆ ವಾರ ನಮ್ಮ ಮನೆಯಲ್ಲಿ ಮೊಟ್ಟೆಯಿಲ್ಲವೆಂದು ಕೇಳಿ, ಸಮಾಧಾನವಾಗಿ ಹಿತ್ತಿಲಿಗೆ ಬಂದು, ಒಂದು ಹೇಟೆಯನ್ನು ಹಿಡಿದು ಅದರ ಮುಖವನ್ನು ನನ್ನ ಕಡೆ ತಿರುಗಿಸಿದ.

"ಕ್ಯಾ ಕದಿರಣ್ಣಾ, ಯಾವ ಮುಂಗುಸಿ? ಕೊಕ್ಕಿನ ಮೇಲೆ ನೋಡು."

ಕೊಕ್ಕಿನ ಬುಡದಲ್ಲಿ ಹಳದಿ ಒಣಗಿ ಹಿಡಿದಿತ್ತು. ಇನ್ನೊಂದನ್ನು ಹಿಡಿದ, ಅದಕ್ಕೂ ಹಳದಿ. ಆಮೇಲೆ ಅವನ ಕಣ್ಣು ಪಾಳೇಗಾರನ ಕಾಲಿನ ಕಡೆಗೆ ಹೋಯಿತು. ಅಲ್ಲಿ ನನ್ನ ಮೂರನೆಯ ಕಟ್ಟನ್ನು ಎರಡು ಹೇಟೆಗಳು ಪ್ರೀತಿಯಿಂದ ಮುಗಿಸುತ್ತಿದ್ದವು.

"ಅದು ಯಾತರ ಕಟ್ಟು?"

"ಮೊಟ್ಟೆ, ಉದ್ದಿನ ಹಿಟ್ಟು."

ಗುಲಾಮ್ ಮೊಹಿದ್ದೀನ್ ಕೈಯಲ್ಲಿದ್ದ ಹೇಟೆಯನ್ನು ಕೆಳಗೆ ಬಿಟ್ಟ. "ಹಬ್ಬದೂಟ ಬಡಿಸಿ ಕಾಲಿಗೆ ಕಟ್ಟಿದೀಯ. ಅವಕ್ಕೆ ಏನ್ ಗೊತ್ತು, ತಿಂದ್ವು. ರುಚಿ ಹತ್ತಿದ ಮೇಲೆ ಅದು ತಮ್ಮ ಹೊಟ್ಟೇಲೇ ಇದೆ ಅಂತ ಗೊತ್ತಾಯ್ತು. ಈ ಆದತ್ ಬಿಡೋದು ಕಷ್ಟ ಅಣ್ಣಾ. ಈ ಹೇಟೆ ಎಲ್ಲಾನೂ ನನಗೆ ಮಾರಿ ಹೊಸ ಕೋಳಿ ತಂದುಕೋ."

ಗೋಡೆಯ ಮೇಲಿಂದ ಅಣ್ಣ ಎಲ್ಲವನ್ನೂ ಕೇಳಿಸಿಕೊಂಡಿದ್ದ. ನಗಲಿಲ್ಲ. ಅದೇ ಹೆಚ್ಚು ಬೇಜಾರಾಯಿತು. "ಕೋಟೆ ಆನೆ ತನ್ ಕಟ್ಟು ತಾನೇ ತಿಂತೇನ್ಲಾ?" ಎಂದು ಕೇಳಿ ಇಳಿದುಹೋದ.

ಅಶ್ವತ್ಥಮ್ಮ ಗುಲಾಮ್ ಮೊಹಿದ್ದೀನನಿಗೆ ನೀರು ಕೊಟ್ಟು ಕಳಿಸಿದಳು; ಕೋಳಿ ಕೊಡಲಿಲ್ಲ. ಅಲ್ಲಿಂದ ಮುಂದೆ ವೈದ್ಯ ಬದಲಾದ. ನನಗೆ ಕಾಂಪೌಂಡರ್ ಕೆಲಸ ಸಿಕ್ಕಿತು.

ಅವಳು ರೇವಂತನನ್ನು ಕರೆದು, ಪಾರ್ಕಿನಲ್ಲಿ ತಂತಿ ಹಾಯಿಸುವ ಪ್ಲಾಸ್ಟಿಕ್ ಪೈಪಿನ ತುಂಡು ಬಿದ್ದಿದ್ದರೆ ಕೊಡು ಎಂದಳು. ಅವನು ಬೇಡದ ಚೂರೊಂದನ್ನು ಮೇಲಿನವರನ್ನು ಕೇಳಿಯೇ ತಂದುಕೊಟ್ಟ. ಅದನ್ನು ಉದ್ದಕ್ಕೆ ಸೀಳಿ, ಒಳಗೆ ಹತ್ತಿ ಹಾಸಿ, ಕಾಲನ್ನು ಅದರಲ್ಲಿ ಕೂರಿಸಿ, ಸೈಕಲ್ ಟ್ಯೂಬಿನ ಪಟ್ಟಿಯಿಂದ ಕಟ್ಟಿದಳು. ಯಾವ ಕೊಕ್ಕಿಗೂ ರುಚಿಸದ ಕಟ್ಟು. ಆಮೇಲೆ ಹಳೆಯ ಸೀರೆಯಲ್ಲಿ ಎರಡು ತೂತು ಮಾಡಿ, ಅಡುಗೆಮನೆಯ ತೊಲೆಗೆ ಜೋಲಿ ಕಟ್ಟಿ, ಪಾಳೇಗಾರನನ್ನು ಅದರಲ್ಲಿ ಮಲಗಿಸಿದಳು. ಕಾಲುಗಳು ತೂತಿನಿಂದ ಕೆಳಗೆ, ಮೈಯ ಭಾರ ಸೀರೆಯ ಮೇಲೆ. ಪಾದ ನೆಲಕ್ಕೆ ತಾಗಿಯೂ ತಾಗದ ಹಾಗೆ.

ನಮ್ಮ ಮಕ್ಕಳೂ ಅಷ್ಟು ಸುಖವಾಗಿ ಜೋಲಿಯಲ್ಲಿ ಮಲಗಿದ್ದಿಲ್ಲ. ಬೆಳಗ್ಗೆ ರಾಗಿ ಅಂಬಲಿ, ಮಧ್ಯಾಹ್ನ ನೆನೆಸಿದ ಕಡಲೆಬೀಜ, ಸಂಜೆ ಸೊಪ್ಪಿನ ಚೂರು. ಅಶ್ವತ್ಥಮ್ಮ ಒಲೆಯ ಮುಂದೆ ಕೂತು ಮುದ್ದೆ ತಿರುವುತ್ತ ಅವನ ಜೊತೆ ಮಾತಾಡುತ್ತಿದ್ದಳು. ಹೊಸಕೋಟೆಯ ಮಾತು, ಅವಳ ಅಮ್ಮನ ಮಾತು, ಅರ್ಧ ಕನ್ನಡ, ಅರ್ಧ ತೆಲುಗು. ಅವನು ಜೋಲಿಯಲ್ಲಿ ತೂಗುತ್ತ, ನಡುನಡುವೆ ಗಂಟಲಲ್ಲೇ "ಕೊರ್ರ್" ಎಂದು ಹೂಂಗುಟ್ಟುತ್ತಿದ್ದ. ನನ್ನ ಮಾತಿಗೆ ಅವಳು ಅಷ್ಟು ಸಲ ಹೂಂಗುಟ್ಟಿದ್ದು ನೆನಪಿಲ್ಲ. ಅವನ ಕೆಳಗೆ ಹಾಸಿದ ಗೋಣಿ ಬದಲಾಯಿಸುವುದು ಕಾಂಪೌಂಡರನ ಕೆಲಸ. ಆ ಗೋಣಿಗಳ ವಿಷಯದಲ್ಲಿ ಮಾತ್ರ ನಾನು ಏನನ್ನೂ ಹೆಚ್ಚು ಮಾಡಿ ಹೇಳಬೇಕಾಗಿಲ್ಲ.

ಹೇಟೆಗಳ ಚಟ ಬಿಡಿಸಬೇಕಿತ್ತು. ನನ್ನ ಉಪಾಯ: ಮೊಟ್ಟೆಗೆ ತೂತು ಮಾಡಿ, ಒಳಗಿನದನ್ನು ತೆಗೆದು, ಖಾರದ ಪುಡಿ ಕಲಸಿ ತುಂಬುವುದು. ಒಮ್ಮೆ ಕುಟುಕಿದರೆ ಜನ್ಮದಲ್ಲಿ ಮೊಟ್ಟೆಯ ಹೆಸರೆತ್ತಬಾರದು. ಪಾವಗಡದ ಸಂತೆಯಲ್ಲಿ ಸಿಗುವ ಗುಂಟೂರು ಮೆಣಸಿನಕಾಯಿಯ ಪುಡಿ ತುಂಬಿದೆ. ಕಲಸುವಾಗಲೇ ನನ್ನ ಕಣ್ಣು, ಮೂಗು, ಪೂರ್ವಜರೆಲ್ಲ ಉರಿದರು. ಹೇಟೆಗಳು ಬಂದವು, ಒಡೆದವು, ತಿಂದವು, ಇನ್ನೂ ಇದೆಯೇ ಎಂದು ನನ್ನ ಮುಖ ನೋಡಿದವು. ಆಂಧ್ರದ ಗಡಿಯಲ್ಲಿ ಹುಟ್ಟಿದ ಕೋಳಿಗಳಿಗೆ ಖಾರ ತಿನ್ನಿಸಿ ಹೆದರಿಸಲು ಹೋದವನು ಪ್ರಪಂಚದಲ್ಲಿ ನಾನೊಬ್ಬನೇ ಇರಬೇಕು.

"ಉಪ್ಪು ಕಮ್ಮಿ ಅಂತವೆ," ಎಂದಳು ಅಶ್ವತ್ಥಮ್ಮ.

ಅವಳು ಹಳ್ಳದಿಂದ ಉರುಟಾದ ಬೆಣಚುಕಲ್ಲುಗಳನ್ನು ಆರಿಸಿ ತಂದು ಗೂಡುಗಳಲ್ಲಿಟ್ಟಳು. ಬೆಳ್ಳಗೆ, ತಣ್ಣಗೆ, ಮೊಟ್ಟೆಯಂತೆಯೇ. ಹೇಟೆಗಳು ಕುಟುಕಿದವು, ಕೊಕ್ಕು ನೊಂದಿತು, ಮತ್ತೆ ಕುಟುಕಿದವು, ಮತ್ತೆ ನೊಂದಿತು. ನಿಜವಾದ ಮೊಟ್ಟೆ ಬಿದ್ದ ಕೂಡಲೇ ಅವಳು ಎತ್ತಿಕೊಳ್ಳುತ್ತಿದ್ದಳು. ಗಣೇಶನನ್ನು ನೀರಿಗೆ ಬಿಡುವ ಹೊತ್ತಿಗೆ ಹೇಟೆಗಳು ಮೊಟ್ಟೆಯೆಂದರೆ ಕಲ್ಲು ಎಂದು ಒಪ್ಪಿಕೊಂಡಿದ್ದವು.

ಪಾಳೇಗಾರನ ಪೈಪನ್ನು ಬಿಚ್ಚಿದ್ದು ಪಿತೃಪಕ್ಷ ಹಿಡಿದ ಮೇಲೆ. ಮೂಳೆ ಕೂಡಿತ್ತು, ಕೂಡಿದ ಕಡೆ ಒಂದು ಗಂಟು. ಜೋಲಿಯಿಂದ ಇಳಿಸಿದರೆ ಅವನು ಒಂದೇ ಕಾಲಿನ ಮೇಲೆ ನಿಂತ. ಇನ್ನೊಂದನ್ನು ಹೊಟ್ಟೆಯ ಗರಿಯೊಳಗೆ ಎಳೆದುಕೊಂಡ. ಕಡಲೆಬೀಜ ತೋರಿಸಿದರೂ ಆ ಕಾಲು ಕೆಳಗೆ ಬರಲಿಲ್ಲ. ಕತ್ತು ಚಾಚುತ್ತಿದ್ದ, ಸಿಗದಿದ್ದರೆ ಕೂತುಬಿಡುತ್ತಿದ್ದ. ದಿನಾ ಇದೇ. ತಪಸ್ಸು ಮಾಡುತ್ತಿದ್ದಾನೆ ಎಂದು ನಾನು ಊರಲ್ಲಿ ಹೇಳಿದೆ. ಮನೆಯಲ್ಲಿ ಹಾಗೆ ಹೇಳಲಿಲ್ಲ. ಅಶ್ವತ್ಥಮ್ಮ ಅವನ ಪಾದವನ್ನು ಅಂಗೈಯಲ್ಲಿಟ್ಟುಕೊಂಡು ಎಣ್ಣೆ ಹಚ್ಚಿ ನೀವುತ್ತಿದ್ದಳು. "ಊರಪ್ಪಾ, ಊರು. ನೆಲ ನಿಂಗೇನೂ ಮಾಡಲ್ಲ," ಎನ್ನುತ್ತಿದ್ದಳು.

ಅಮಾವಾಸ್ಯೆ ಬಂತು. ನಮ್ಮ ಮನೆಯಲ್ಲಿ ಮಧ್ಯಾಹ್ನ ಸಿಹಿ ಎಡೆ, ಸಂಜೆ ಬಾಡಿನ ಎಡೆ. ಅಪ್ಪ ಬದುಕಿದ್ದ ಮನೆ ನಮ್ಮದೇ ಆದ್ದರಿಂದ ಎಡೆ ಇಡುವುದು ನಮ್ಮ ನಡುಮನೆಯಲ್ಲಿ. ಅಣ್ಣ ಮಿಂದು, ಒದ್ದೆ ಪಂಚೆಯಲ್ಲಿ ಬಂದ. ಕೈಯಲ್ಲಿ ಹೊಸ ಧೋತರ, ಒಂದು ಕಟ್ಟು ಬೀಡಿ. ಸೊಂಟಕ್ಕೆ ಸಿಕ್ಕಿಸಿದ್ದ ಕತ್ತಿಯನ್ನು ತೆಗೆದು ಬಾಗಿಲ ಪಕ್ಕದ ಗೋಡೆಗೂಡಿನಲ್ಲಿಟ್ಟ.

ಪಾಳೇಗಾರ ಅಡುಗೆಮನೆಯ ಮೂಲೆಯಲ್ಲಿ ಕವುಚಿದ ಬಿದಿರಿನ ಮಂಕರಿಯ ಕೆಳಗಿದ್ದ. ಮಂಕರಿಯ ಮೇಲೆ ರುಬ್ಬುವ ಗುಂಡನ್ನು ನಾನೇ ಹೊತ್ತು ಇಟ್ಟಿದ್ದೆ. ಎರಡಾಳು ಎತ್ತುವ ಗುಂಡು. ಅಂದು ನಾನೊಬ್ಬನೇ ಎತ್ತಿದೆ.

ಬಾಳೆಲೆಯ ಮೇಲೆ ಒಬ್ಬಟ್ಟು, ವಡೆ, ಕಡುಬು, ಅನ್ನ, ಹೆಸರುಕಾಳಿನ ಪಲ್ಯ. ಊದುಬತ್ತಿ ಹಚ್ಚಿ ಅಡ್ಡಬಿದ್ದು, ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚಿದೆವು. ನಾವು ನೋಡುತ್ತಿದ್ದರೆ ಹಿರಿಯರು ಸಂಕೋಚಪಟ್ಟು ಉಣ್ಣುವುದಿಲ್ಲ. ಅವರು ಉಂಡು ಮುಗಿಸುವವರೆಗೆ ಹೊರಗೆ ಕಾಯಬೇಕು. ಬಾಗಿಲು ಎಳೆದುಕೊಂಡು ಕೊನೆಗೆ ಬಂದವಳು ಅಶ್ವತ್ಥಮ್ಮ. ಕಟ್ಟೆಯ ಮೇಲೆ ಕೂತು ಕೈಗಳನ್ನು ಮಡಿಲಲ್ಲಿಟ್ಟುಕೊಂಡಳು. ಹಿತ್ತಿಲಲ್ಲಿ ಹೇಟೆಯೊಂದು ಮೊಟ್ಟೆಯಿಟ್ಟ ಸುದ್ದಿಯನ್ನು ಸಾರುತ್ತಿತ್ತು.

ಸಾಕಷ್ಟು ಹೊತ್ತಾದ ಮೇಲೆ ಅಣ್ಣ ಎದ್ದು, ಒಳಗಿರುವವರಿಗೆ ತಿಳಿಯಲೆಂದು ಕೆಮ್ಮಿ, ಬಾಗಿಲು ತಳ್ಳಿದ.

ಎಡೆಯ ನಡುವೆ ಪಾಳೇಗಾರ ನಿಂತಿದ್ದ. ಒಬ್ಬಟ್ಟು ಮುಗಿದಿತ್ತು. ಕಡುಬು ಬಿಚ್ಚಿತ್ತು. ಅನ್ನದ ಗುಡ್ಡೆಯ ಮೇಲೆ ಒಂದು ಪಾದ, ಬಾಳೆಲೆಯ ಮೇಲೆ ಇನ್ನೊಂದು. ಎರಡೂ ಪಾದ. ಅಡುಗೆಮನೆಯಿಂದ ನಡುಮನೆಗೆ ಬರಬೇಕಾದರೆ ಮೊಣಕಾಲೆತ್ತರದ ಹೊಸ್ತಿಲು ದಾಟಬೇಕು. ಈ ಒಂದು ಅಳತೆಯನ್ನು ನಾನು ಹಿಗ್ಗಿಸಿಲ್ಲ.

ಅಣ್ಣ ಬಾಗಿಲಲ್ಲೇ ನಿಂತ. ಊದುಬತ್ತಿಯ ಹೊಗೆ ನೇರವಾಗಿ ಮೇಲೆ ಹೋಗುತ್ತಿತ್ತು. ನಾನು ಬಾಯಿ ತೆರೆದೆ, ಅಶ್ವತ್ಥಮ್ಮ ನನ್ನ ಪಾದವನ್ನು ತುಳಿದಳು, ಮುಚ್ಚಿದೆ.

"ಬೀಡಿ ಮುಟ್ಟಿಲ್ಲ," ಎಂದ ಅಣ್ಣ ಕೊನೆಗೆ. "ಅಪ್ಪ ಆಗಿದ್ರೆ ಮೊದ್ಲು ಬೀಡಿ ಹಚ್ತಿದ್ದ."

"ಕಡೆಗಾಲದಾಗೆ ಡಾಕ್ಟ್ರು ಬೀಡಿ ಬುಡು ಅಂದಿದ್ರಲ್ಲ ಭಾವ," ಎಂದಳು ಅಶ್ವತ್ಥಮ್ಮ.

ಅಣ್ಣ ಅವಳನ್ನು ನೋಡಿದ. ಹುಂಜವನ್ನು ನೋಡಿದ. ಪಾಳೇಗಾರ ವಡೆಯ ಚೂರೊಂದನ್ನು ನುಂಗಿ, ಎಲೆಯಿಂದ ಇಳಿದು, ಒಂದು ಹೆಜ್ಜೆ ಊರಿದ. ನೋವಿನ ಕಾಲನ್ನು ಗಾಳಿಯಲ್ಲಿ ಹಿಡಿದು ಸ್ವಲ್ಪ ಯೋಚಿಸಿ, ಅದನ್ನೂ ಊರಿದ. ಹಾಗೇ ಅಣ್ಣನ ಕಾಲ ಬಳಿಯಿಂದ ಹಾದು ಬಿಸಿಲಿಗೆ ಹೋದ.

"ಹಿರೇರ ಎಡೆ ಉಂಡೋನ್ನ ಹಿರೇರ ಎಡೆಗೆ ಹೆಂಗ್ಲಾ ಇಕ್ಕೋದು," ಎಂದು ಅಣ್ಣ ತನ್ನಷ್ಟಕ್ಕೆ ಹೇಳಿಕೊಂಡ. ಗೋಡೆಗೂಡಿನಿಂದ ಕತ್ತಿ ತೆಗೆದು ಮತ್ತೆ ಸೊಂಟಕ್ಕೆ ಸಿಕ್ಕಿಸಿದ. ಪಾವಗಡದ ಬ್ಯಾಂಕಿನಲ್ಲಿ ಕೆಲಸ ಮಾಡುವ ತನ್ನ ಮಗ ಪ್ರಸನ್ನ ಕುಮಾರನಿಗೆ ಫೋನು ಮಾಡಿ, ಸಂಜೆ ಬರುವಾಗ ಕುರಿ ಬಾಡು ತಾ ಎಂದ. ಫೋನಿಟ್ಟ ಮೇಲೆ, ಒಬ್ಬಟ್ಟು ಉಳಿದಿದ್ದರೆ ಆ ಹುಂಜಕ್ಕೆ ಇನ್ನೊಂದು ಹಾಕಮ್ಮ ಎಂದೂ ಹೇಳಿ ಹೋದ.

ನಾನು ಅಡುಗೆಮನೆಗೆ ಹೋಗಿ ನೋಡಿದೆ. ಮಂಕರಿ ಪಕ್ಕಕ್ಕೆ ಉರುಳಿತ್ತು. ರುಬ್ಬುವ ಗುಂಡು ಒಲೆಯ ಪಕ್ಕ, ತನ್ನ ಜಾಗದಲ್ಲಿ, ಅಚ್ಚುಕಟ್ಟಾಗಿ ಕೂತಿತ್ತು.

"ಗುಂಡು ಯಾರು ಎತ್ತಿದ್ದು?" ಎಂದು ಕೇಳಿದೆ.

"ಬಾಗ್ಲು ಹಾಕಿದ್ ಮ್ಯಾಕೆ ಒಳಗಿದ್ದೋರು ಹಿರೇರು. ಅವ್ರು ಏನ್ ಮಾಡಿದ್ರೋ ನಂಗೆ ಹೆಂಗೆ ಗೊತ್ತು," ಎಂದಳು, ಬಾಳೆಲೆ ಮಡಚುತ್ತ.

"ಅವ್ನು ನಡೀದಿದ್ರೆ?"

ಅವಳು ಮಡಚಿದ ಎಲೆಯನ್ನು ಪಕ್ಕಕ್ಕಿಟ್ಟಳು. "ಒಬ್ಬಟ್ಟಿನ್ ವಾಸ್ನೆಗೆ ನಡೀದಿದ್ರೆ ಇನ್ಯಾವುದಕ್ಕೂ ನಡೀತಿರ್ಲಿಲ್ಲ ಬುಡಿ."

ಈಗ ಪಾಳೇಗಾರ ಹಿತ್ತಿಲ ತುಂಬ ತಿರುಗುತ್ತಾನೆ. ಬೇಲಿಯ ಸಂದುಗಳಿಗೆಲ್ಲ ಕಲ್ಲು ಕೊಟ್ಟಿದ್ದೇವೆ. ಹೇಟೆಯೊಂದು ಕಾವಿಗೆ ಕೂತಿದೆ. ನಡೆಯುವಾಗ ಅವನು ಒಂದು ಕಾಲನ್ನು ಕೊಂಚ ಎತ್ತಿ, ತಡೆದು, ಆಮೇಲೆ ಇಡುತ್ತಾನೆ. ಅದನ್ನು ಕುಂಟು ಎಂದವರಿಗೆ ನಾನು ವಿವರಿಸುತ್ತೇನೆ: ಅದು ಗತ್ತು, ಸಾವಿರಾರು ಶತ್ರುಗಳ ಜೊತೆ ಒಬ್ಬನೇ ಕಾದಾಡಿ ಬಂದವರು ಹಾಗೆಯೇ ನಡೆಯುವುದು.

ಅಶ್ವತ್ಥಮ್ಮ ಮೊರದಲ್ಲಿ ರಾಗಿ ಕೇರುತ್ತ, ಕಾಳು ಚೆಲ್ಲುತ್ತ, ತಲೆಯೆತ್ತದೆ ಹೇಳುತ್ತಾಳೆ: "ಕುಂಟೇ ಅದು. ಕುಂಟ್ಲಿ ಬುಡಿ."